ಹುಬ್ಬಳ್ಳಿಯಲ್ಲಿ ನಿಂತ ಕಲ್ಲಿದ್ದಲು ಗೂಡ್ಸ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಮ್ಮ ಮನೆ ಹಳೇ ಹುಬ್ಬಳ್ಳಿಯಲ್ಲಿ. ರೈಲ್ವೆ ಸ್ಟೇಷನ್ನಿನ ಮೇಲ್ಸೇತುವೆಯಿಂದ ನೋಡಿದಾಗೆಲ್ಲ ಒಂದಲ್ಲ ಒಂದು ಗೂಡ್ಸ್ ಗಾಡಿ ನಿಂತಿರುತ್ತದೆ, ಡಬ್ಬಿ ತುಂಬ ಕಲ್ಲಿದ್ದಲು. ಸ್ಟೀಲ್ ಫ್ಯಾಕ್ಟರಿಗೆ ಹೋಗುತ್ತದೆ ಅಂತಾರೆ. ಯಾವ ಫ್ಯಾಕ್ಟರಿ? ಅಷ್ಟು ಕಲ್ಲಿದ್ದಲು ಯಾಕೆ ಬೇಕು, ಅದನ್ನು ಅಲ್ಲಿ ಇಳಿಸುವುದು ಹೇಗೆ? ಡಬ್ಬಿಯ ಮೇಲಿನ ಉದ್ದನೆಯ ನಂಬರಿಗೆ ಏನಾದರೂ ಅರ್ಥವಿದೆಯೇ ಎಂದು ಎಂಟನೇ ತರಗತಿಯ ಮಗಳು ಕೇಳುತ್ತಾಳೆ. ಇದೆಲ್ಲದರಿಂದ ನಮ್ಮೂರಿಗೆ ಏನು?
— ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಲೋಂಡಾ ಕಡೆಯಿಂದ ಕಲ್ಲಿದ್ದಲು ತುಂಬಿಕೊಂಡು ಬಂದು, ಗದಗ ಕಡೆಗೆ ಮುಖ ಮಾಡಿ ನಿಂತ ಗೂಡ್ಸ್‌ಗಳಲ್ಲಿ ಬಹುಪಾಲು ಹೋಗುವುದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ, ಜೆಎಸ್‌ಡಬ್ಲ್ಯು ಸ್ಟೀಲ್‌ನ ವಿಜಯನಗರ ಕಾರ್ಖಾನೆಗೆ. ಆ ಕಲ್ಲಿದ್ದಲು ಹಡಗಿನಿಂದ ಇಳಿಯುವುದು ಗೋವಾದ ಮುರಗಾಂವ್ ಬಂದರಿನಲ್ಲಿ. ಅಲ್ಲಿಂದ ಕುಳೆ, ಕ್ಯಾಸಲ್‌ರಾಕ್, ಲೋಂಡಾ, ಅಳ್ನಾವರ, ಧಾರವಾಡ ದಾಟಿ ಹುಬ್ಬಳ್ಳಿಗೆ ಬರುತ್ತದೆ. ಮುಂದೆ ಅಣ್ಣಿಗೇರಿ, ಗದಗ, ಕೊಪ್ಪಳ, ಹೊಸಪೇಟೆ, ಆಮೇಲೆ ತೋರಣಗಲ್ಲು. ವಾಸ್ಕೋದಿಂದ ಹೊಸಪೇಟೆಯವರೆಗೇ ಸುಮಾರು 350 ಕಿಲೋಮೀಟರ್ ಹಳಿ. ದಾರಿಯಲ್ಲಿ ಕೊಪ್ಪಳ ಜಿಲ್ಲೆಯ ಗಿಣಿಗೇರಿ ಸುತ್ತಮುತ್ತಲೂ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ.

ನಿಮ್ಮ ಕೊನೆಯ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಕೊಟ್ಟುಬಿಡುತ್ತೇನೆ. ಉಕ್ಕಿನ ಕಾರ್ಖಾನೆಯ ಗೇಟು ತೋರಣಗಲ್ಲಿನಲ್ಲಿದೆ, ಆದರೆ ಅದರ ಹಳಿ ಬಂದರಿನಿಂದಲೇ ಶುರುವಾಗುತ್ತದೆ. ಆ ಹಳಿಯ ನಡುಮಧ್ಯದಲ್ಲಿ ಇರುವ ಊರು ನಮ್ಮದು. ಕಾರ್ಖಾನೆ ನಮಗೆ ದೂರದ ವಿಷಯ ಅಲ್ಲ.

ಅಷ್ಟೊಂದು ಕಲ್ಲಿದ್ದಲು ಯಾಕೆ?

ಸಂಡೂರಿನ ಗುಡ್ಡಗಳಲ್ಲಿ ಒಳ್ಳೆಯ ಕಬ್ಬಿಣದ ಅದಿರಿದೆ. ಆದರೆ ಅದಿರಿನಿಂದ ಕಬ್ಬಿಣ ಬಿಡಿಸುವುದಕ್ಕೆ ಕೋಕ್ ಬೇಕು. ಗಾಳಿಯಾಡದ ಒಲೆಯಲ್ಲಿ ಕಲ್ಲಿದ್ದಲನ್ನು 1,000 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿದಾಗ ಸಿಗುವ ಗಟ್ಟಿ ಇಂಗಾಲವೇ ಕೋಕ್. ಊದುಕುಲುಮೆಯಲ್ಲಿ ಅದು ಎರಡು ಕೆಲಸ ಮಾಡುತ್ತದೆ: ಶಾಖ ಕೊಡುತ್ತದೆ, ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಮೇಲಿನಿಂದ ಬೀಳುವ ಅದಿರಿನ ಭಾರ ತಾಳಿಕೊಂಡು ಪುಡಿಯಾಗದೆ ನಿಲ್ಲುವ ಶಕ್ತಿಯೂ ಅದಕ್ಕಿರಬೇಕು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ದೇಶದ ಬೇರೆ ಕಡೆ ಸಿಗುವ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಜಾಸ್ತಿ. ಹಾಗಾಗಿ ಕೋಕ್ ಮಾಡುವ ಕಲ್ಲಿದ್ದಲಿನ ದೊಡ್ಡ ಪಾಲು ಸಮುದ್ರ ದಾಟಿಯೇ ಬರಬೇಕು, ಅದರಲ್ಲೂ ಮುಖ್ಯವಾಗಿ ಆಸ್ಟ್ರೇಲಿಯಾದಿಂದ. ತೋರಣಗಲ್ಲಿನಲ್ಲಿ 1999ರ ಹೊತ್ತಿಗೆ ಕೋರೆಕ್ಸ್ ಎಂಬ ಬೇರೆ ವಿಧಾನದ ಕುಲುಮೆಯನ್ನು ದೇಶದಲ್ಲೇ ಮೊದಲು ಹಚ್ಚಿದರು. ಕೋಕ್ ಆಗದ ಕಲ್ಲಿದ್ದಲನ್ನೂ ಅದು ಬಳಸಬಲ್ಲದು. ಆದರೂ ಕಲ್ಲಿದ್ದಲು ಬೇಕೇ ಬೇಕು.

ಒಂದು ಟನ್ ಉಕ್ಕಿಗೆ ಹೆಚ್ಚುಕಡಿಮೆ ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ನಿಗಿಂತ ತುಸು ಜಾಸ್ತಿ ಕಲ್ಲಿದ್ದಲು, ಕಾಲು ಟನ್ನಿನಷ್ಟು ಸುಣ್ಣದ ಕಲ್ಲು ಬೇಕು. ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ ಉಕ್ಕು ಮಾಡುವ ಕಾರ್ಖಾನೆ ಎಂದಿಟ್ಟುಕೊಳ್ಳಿ. ತೋರಣಗಲ್ಲಿನ ಸಾಮರ್ಥ್ಯ ಈಚಿನ ವಿಸ್ತರಣೆಗೆ ಮೊದಲೇ ಇಷ್ಟಿತ್ತು. ದಿನಕ್ಕೆ 33,000 ಟನ್ ಉಕ್ಕು ಎಂದಾಯಿತು, ಅದಕ್ಕೆ ಸುಮಾರು 26,000 ಟನ್ ಕಲ್ಲಿದ್ದಲು. ಒಂದು ಗೂಡ್ಸ್ ಗಾಡಿಗೆ 3,800 ಟನ್ನಿನಂತೆ ಹಂಚಿದರೆ ದಿನಕ್ಕೆ ಏಳು ಗಾಡಿ. ಇವೆಲ್ಲ ಹುಬ್ಬಳ್ಳಿ ಮೇಲೇ ಹೋಗುವುದಿಲ್ಲ, ಪೂರ್ವ ಕರಾವಳಿಯ ಬಂದರುಗಳಿಂದಲೂ ಕಲ್ಲಿದ್ದಲು ಬರುತ್ತದೆ. ಆದರೆ ಸ್ಟೇಷನ್ನಿನಲ್ಲಿ ಯಾವಾಗ ನೋಡಿದರೂ ಒಂದು ಗೂಡ್ಸ್ ಕಾಣುವುದೇಕೆ ಎಂಬುದು ಈ ಲೆಕ್ಕದಿಂದ ಗೊತ್ತಾಗುತ್ತದೆ. ಒಂದು ಗಾಡಿ ತಪ್ಪಿದರೆ ಅದರ ಸರಕು ಹೊರಲು 25 ಟನ್ನಿನ 150ಕ್ಕೂ ಹೆಚ್ಚು ಲಾರಿ ಬೇಕು. ಹಾಗಾಗಿ ಹಳಿ ಇಲ್ಲದ ಜಾಗದಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ನಿಲ್ಲುವುದಿಲ್ಲ.

ಅದಿರಿನ ಕಥೆ ಬೇರೆ. ಸಂಡೂರಿನ ಗಣಿಗಳು ಕಾರ್ಖಾನೆಗೆ ಹತ್ತಿರ. ಅದಿರಿನ ಒಂದು ದೊಡ್ಡ ಪಾಲು ಈಗ ಕೊಳವೆಯಂತೆ ಸುತ್ತಿಕೊಂಡ ಕನ್ವೇಯರ್ ಬೆಲ್ಟಿನಲ್ಲೇ ಹೋಗುತ್ತದೆ. ಆದರೆ 2000ರ ದಶಕದಲ್ಲಿ ನಿಮ್ಮ ಮೇಲ್ಸೇತುವೆಯಿಂದ ನೋಡಿದವರಿಗೆ ಕಾಣುತ್ತಿದ್ದುದು ಎರಡು ಬಣ್ಣ. ಗೋವಾ ಕಡೆಯಿಂದ ಕಪ್ಪು, ಹೊಸಪೇಟೆ ಕಡೆಯಿಂದ ಕೆಂಪು. ಚೀನಾಕ್ಕೆ ಹೊರಟ ಅದಿರು ಇದೇ ಹಳಿಯ ಮೇಲೆ ಮುರಗಾಂವ್‌ಗೆ ಇಳಿಯುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಬಿಗಿ ಷರತ್ತಿನ ಮೇಲೆ ಮತ್ತೆ ಶುರುವಾದವು, ರಫ್ತಿಗೂ 2022ರಲ್ಲಿ ಅನುಮತಿ ಸಿಕ್ಕಿತು. ಆ ಹಳೆಯ ಕೆಂಪು ಸಾಲು ಮಾತ್ರ ಮೊದಲಿನಂತೆ ಮರಳಲಿಲ್ಲ.

ಡಬ್ಬಿಯನ್ನು ಓದುವುದು

ಮೇಲೆ ಮುಚ್ಚಳವಿಲ್ಲದ ಆ ಎತ್ತರದ ಡಬ್ಬಿಗೆ ರೈಲ್ವೆಯವರು ಬಾಕ್ಸ್-ಎನ್ ಎನ್ನುತ್ತಾರೆ. ಇವು 58 ಅಥವಾ 59 ಸೇರಿದರೆ ಒಂದು ರೇಕ್. ಒಂದು ಡಬ್ಬಿ 10.7 ಮೀಟರ್ ಉದ್ದ. ಎಂಜಿನ್, ಬ್ರೇಕ್ ವ್ಯಾನ್ ಸೇರಿ ಇಡೀ ಗಾಡಿ 700 ಮೀಟರಿನ ಹತ್ತಿರ ಬರುತ್ತದೆ. ನಮ್ಮ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರಂ ಗೊತ್ತಲ್ಲ, ಜಗತ್ತಿನಲ್ಲೇ ಉದ್ದನೆಯದು. ಅದರ ಪಕ್ಕ ಇಂಥ ಎರಡು ಗಾಡಿ ಒಂದರ ಹಿಂದೆ ಒಂದು ನಿಲ್ಲಬಹುದು.

ಮೇಲ್ಸೇತುವೆಯಿಂದ ಡಬ್ಬಿಯ ಒಳಗೆ ಕಣ್ಣು ಹಾಯಿಸಿ. ಕಲ್ಲಿದ್ದಲಾದರೆ ಅಂಚಿನವರೆಗೂ ತುಂಬಿರುತ್ತದೆ. ಅದಿರಾದರೆ ಅರ್ಧ ಡಬ್ಬಿ ಖಾಲಿ ಇದ್ದಂತೆ ಕಾಣುತ್ತದೆ. ಯಾರೂ ಕದ್ದಿಲ್ಲ, ಕಡಿಮೆ ತುಂಬಿಲ್ಲ. ಅದಿರಿನ ತೂಕ ಅಷ್ಟು. ಅರ್ಧಕ್ಕೇ ಡಬ್ಬಿ ಹೊರಬಹುದಾದ 60–70 ಟನ್ ಆಗಿಬಿಟ್ಟಿರುತ್ತದೆ.

ಇನ್ನು ಮಗಳ ಪ್ರಶ್ನೆ. ಡಬ್ಬಿಯ ಬದಿಯಲ್ಲಿ ಬರೆದಿರುವುದು ಹನ್ನೊಂದು ಅಂಕಿ. ಮೊದಲ ಎರಡು ಡಬ್ಬಿಯ ಜಾತಿ ಹೇಳುತ್ತವೆ. 10ರಿಂದ 29ರವರೆಗೆ ಇದ್ದರೆ ತೆರೆದ ಡಬ್ಬಿ. 30ರ ಸಾಲು ಮುಚ್ಚಿದ ಡಬ್ಬಿ, ಅಕ್ಕಿ, ಗೊಬ್ಬರ, ಸಿಮೆಂಟಿಗೆ. 40ರದ್ದು ಟ್ಯಾಂಕರ್. 50ರದ್ದು ಚಪ್ಪಟೆ ಗಾಡಿ, ಉಕ್ಕಿನ ಸುರುಳಿ, ಹಳಿ, ಕಂಟೇನರ್ ಹೊರುವುದಕ್ಕೆ. 60ರದ್ದು ತಳದಿಂದ ಸುರಿಯುವ ಹಾಪರ್. ಮುಂದಿನ ಎರಡು ಅಂಕಿ ಡಬ್ಬಿ ಯಾವ ರೈಲ್ವೆ ವಲಯದ್ದು ಎಂದು ಹೇಳುತ್ತವೆ. ಅದರ ಮುಂದಿನ ಎರಡು ತಯಾರಾದ ವರ್ಷದ ಕೊನೆಯ ಅಂಕಿಗಳು. ಆಮೇಲಿನ ನಾಲ್ಕು ಆ ಡಬ್ಬಿಯ ಸ್ವಂತ ಸಂಖ್ಯೆ. ಹನ್ನೊಂದನೆಯದು ಕಾವಲಿನ ಅಂಕಿ. ಬರೆದುಕೊಳ್ಳುವಾಗ ಯಾರಾದರೂ ಒಂದಂಕಿ ತಪ್ಪಿದರೆ ಇದು ಹಿಡಿದುಹಾಕುತ್ತದೆ.

ಮಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಲಿ. 10061234566 ಎಂಬ ಊಹೆಯ ಸಂಖ್ಯೆ ತೆಗೆದುಕೊಳ್ಳೋಣ. ಎಡದಿಂದ ಎಣಿಸಿ ಎರಡು, ನಾಲ್ಕು, ಆರು, ಎಂಟು, ಹತ್ತನೇ ಸ್ಥಾನದ ಅಂಕಿಗಳನ್ನು ಕೂಡಿ: 0, 6, 2, 4, 6, ಒಟ್ಟು 18. ಅದನ್ನು ಮೂರರಿಂದ ಗುಣಿಸಿದರೆ 54. ಈಗ ಒಂದು, ಮೂರು, ಐದು, ಏಳು, ಒಂಬತ್ತನೇ ಸ್ಥಾನದವು: 1, 0, 1, 3, 5, ಒಟ್ಟು 10. ಎರಡೂ ಸೇರಿ 64. ಮುಂದಿನ ಪೂರ್ಣ ಹತ್ತು 70, ಅದಕ್ಕೆ ಬೇಕಾದದ್ದು 6. ಹನ್ನೊಂದನೇ ಅಂಕಿ 6 ಇದೆ, ಸಂಖ್ಯೆ ಸರಿ. ಪ್ಲಾಟ್‌ಫಾರಂ ಮೇಲೆ ನಿಂತು ಕಣ್ಣಿಗೆ ಬಿದ್ದ ಯಾವ ಡಬ್ಬಿಯ ಮೇಲೂ ಈ ಲೆಕ್ಕ ಹಾಕಿ ನೋಡಬಹುದು. ಸಂಖ್ಯೆಯ ಆಸುಪಾಸಿನಲ್ಲೇ ಖಾಲಿ ಡಬ್ಬಿಯ ತೂಕ, ಹೊರಬಹುದಾದ ಭಾರ, ಕಳೆದ ಸಲ ಯಾವ ವರ್ಕ್‌ಶಾಪಿನಲ್ಲಿ ದೊಡ್ಡ ದುರಸ್ತಿ ಆಯಿತು, ಮುಂದಿನದು ಯಾವಾಗ ಎಂಬುದೂ ಇರುತ್ತದೆ.

ಘಟ್ಟ ಹತ್ತಿ ಬಂದ ಗಾಡಿ

ಹುಬ್ಬಳ್ಳಿಗೆ ಬರುವ ಮುನ್ನ ಈ ಗಾಡಿ ದಾಟಿರುವುದು ದೇಶದ ಕಡಿದಾದ ರೈಲು ಏರುಗಳಲ್ಲಿ ಒಂದನ್ನು. ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ, ದೂಧಸಾಗರ ಜಲಪಾತದ ಪಕ್ಕದಲ್ಲೇ ಹಳಿ ಮೇಲೇರುತ್ತದೆ. ಪ್ರತಿ 37 ಮೀಟರಿಗೆ 1 ಮೀಟರ್ ಏರು. ಲಾರಿಗೆ ಇದೇನೂ ಅಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಇದು ದೊಡ್ಡ ಪರೀಕ್ಷೆ. ಡಬ್ಬಿಗಳ ತೂಕವೂ ಸೇರಿ 5,000 ಟನ್ನಿನ ಗಾಡಿ ಎಂದುಕೊಳ್ಳಿ. ಹಿಂದಕ್ಕೆ ಜಾರದಂತೆ ಸುಮ್ಮನೆ ಹಿಡಿದು ನಿಲ್ಲಿಸುವುದಕ್ಕೇ 135 ಟನ್ನಿನಷ್ಟು ಬಲ ಬೇಕು. ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಬಹಳ ವರ್ಷಗಳಿಂದ ಸಾಕಿಕೊಂಡು ಬಂದಿರುವ 4,000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್ ಒಂದು ಹೊರಡುವಾಗ ಎಳೆಯುವ ಗರಿಷ್ಠ ಬಲ 55 ಟನ್ನಿನ ಆಸುಪಾಸು. ಅಂದರೆ ಹಿಡಿದು ನಿಲ್ಲುವುದಕ್ಕೇ ಮೂರು ಎಂಜಿನ್ ಬೇಕು, ಏರುವುದಕ್ಕೆ ಇನ್ನೂ ಜಾಸ್ತಿ. ಹಾಗಾಗಿ ಮುಂದೆ ಎಳೆಯುವ ಎಂಜಿನ್‌ಗಳ ಜೊತೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್‌ಗಳನ್ನೂ ಕಟ್ಟುತ್ತಾರೆ.

ಇದೆಲ್ಲ ದಾಟಿ ಬಂದ ಗಾಡಿಗೆ ಹುಬ್ಬಳ್ಳಿಯಲ್ಲಿ ವಿರಾಮ ಸಿಗುತ್ತದೆ. ಲೋಕೋ ಪೈಲಟ್ ಬದಲಾಗುತ್ತಾರೆ, ಗಾರ್ಡ್ ಬದಲಾಗುತ್ತಾರೆ. ಗಾರ್ಡ್ ಹುದ್ದೆಗೆ 2022ರಿಂದ ಟ್ರೈನ್ ಮ್ಯಾನೇಜರ್ ಎಂದು ಹೆಸರು. ಮುಂದಿನ ದಾರಿ ತೆರವಾಗುವವರೆಗೆ ಗೂಡ್ಸ್ ಕಾಯಬೇಕು, ಪ್ಯಾಸೆಂಜರ್ ಗಾಡಿಗಳಿಗೆ ಮೊದಲ ದಾರಿ. ನಿಮ್ಮ ಕಣ್ಣಿಗೆ ಅದು ಯಾವಾಗಲೂ ನಿಂತೇ ಕಾಣುವುದು ಇದರಿಂದಲೇ. ಹೊರಡುವ ಮುಂಚೆ ಬ್ರೇಕ್ ಪೈಪಿನ ಗಾಳಿ ಕೊನೆಯ ಡಬ್ಬಿಯವರೆಗೂ ಸರಿಯಾಗಿ ತಲುಪಿದೆಯೇ ಎಂದು ನೋಡಿಕೊಳ್ಳುತ್ತಾರೆ. ಈ ಹಳಿಗೂ ಹುಬ್ಬಳ್ಳಿಗೂ ಹಳೆಯ ನಂಟು. 1876–78ರ ಬರ ಈ ಸೀಮೆಯನ್ನು ಹಿಂಡಿದ ಮೇಲೆ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಬಯಲುಸೀಮೆಯ ಹತ್ತಿಯನ್ನು ಮುರಗಾಂವ್ ಬಂದರಿಗೆ ಮುಟ್ಟಿಸಿದ್ದು ಇದೇ ದಾರಿ, ಆಗ ಮೀಟರ್ ಗೇಜ್. ಅಂದು ಸರಕು ಸಮುದ್ರದ ಕಡೆಗೆ ಇಳಿಯುತ್ತಿತ್ತು. ಇಂದು ಭಾರವೆಲ್ಲ ಸಮುದ್ರದಿಂದ ಮೇಲಕ್ಕೆ ಬರುತ್ತಿದೆ.

ಕಾರ್ಖಾನೆಯೊಳಗೆ

ತೋರಣಗಲ್ಲಿನಲ್ಲಿ ಗಾಡಿ ಮುಖ್ಯ ಹಳಿಯಿಂದ ಕವಲೊಡೆದು ಕಾರ್ಖಾನೆಯ ಸೈಡಿಂಗಿಗೆ ತಿರುಗುತ್ತದೆ. ಒಳಗೆ ಒಂದು ಪೂರ್ಣ ಯಾರ್ಡೇ ಇದೆ. ಗಾಡಿ ಒಳಗೆ ಬಂದ ಗಳಿಗೆಯಿಂದ ಗಡಿಯಾರ ಓಡುತ್ತದೆ. ಗೊತ್ತುಮಾಡಿದ ಅವಧಿಯೊಳಗೆ ಖಾಲಿ ಮಾಡಿ ಹಿಂತಿರುಗಿಸದಿದ್ದರೆ ಗಂಟೆಗೆ, ಡಬ್ಬಿಗೆ ಇಷ್ಟು ಎಂದು ಡೆಮರೇಜ್ ಬೀಳುತ್ತದೆ. ಹಾಗಾಗಿ ಯಾರೂ ಸಲಿಕೆ ಹಿಡಿದು ಕಲ್ಲಿದ್ದಲು ಇಳಿಸುವುದಿಲ್ಲ. ವ್ಯಾಗನ್ ಟಿಪ್ಲರ್ ಎಂಬ ಯಂತ್ರವಿದೆ. ಒಂದೊಂದೇ ಡಬ್ಬಿಯನ್ನು ಕೊಂಡಿ ಕಳಚಿ ಅದರೊಳಕ್ಕೆ ತಳ್ಳುತ್ತಾರೆ. ಮೇಲಿನಿಂದ ಹಿಡಿಗಳು ಬಂದು ಡಬ್ಬಿಯನ್ನು ಕಚ್ಚಿಕೊಳ್ಳುತ್ತವೆ. ಆಮೇಲೆ ಹಳಿಯ ತುಂಡಿನ ಸಮೇತ ಇಡೀ ಡಬ್ಬಿ ಪಕ್ಕಕ್ಕೆ ಹೊರಳಿ ತಲೆಕೆಳಗಾಗುತ್ತದೆ. ಅಡುಗೆಮನೆಯಲ್ಲಿ ಬೇಳೆಡಬ್ಬಿ ಬಗ್ಗಿಸಿ ಸುರಿದಂತೆ 60 ಟನ್ನಿಗೂ ಹೆಚ್ಚು ಕಲ್ಲಿದ್ದಲು ಕೆಳಗಿನ ಹಾಪರಿಗೆ ಬೀಳುತ್ತದೆ. ಧೂಳು ಏಳದಂತೆ ಸುತ್ತ ನೀರಿನ ತುಂತುರು ಬಿಡುತ್ತಾರೆ. ಕೆಳಗೆ ಬಿದ್ದ ಕಲ್ಲಿದ್ದಲು ಬೆಲ್ಟ್ ಹಿಡಿದು ರಾಶಿಗೆ, ರಾಶಿಯಿಂದ ಕೋಕ್ ಒಲೆಗೆ ಹೋಗುತ್ತದೆ.

ಹಳಿಯ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಊದುಕುಲುಮೆಯಿಂದ ಇಳಿಯುವ ಕಬ್ಬಿಣ 1,400–1,500 ಡಿಗ್ರಿಯ ಕೆಂಡದ ನೀರು. ಅದು ಉಕ್ಕು ಮಾಡುವ ವಿಭಾಗಕ್ಕೆ ಹೋಗುವುದು ಟಾರ್ಪೆಡೊ ಲ್ಯಾಡಲ್ ಕಾರ್ ಎಂಬ ಗಾಡಿಯಲ್ಲಿ, ರೈಲು ಹಳಿಯ ಮೇಲೆಯೇ. ನಡುವೆ ಉಬ್ಬಿದ, ಎರಡೂ ತುದಿ ಚೂಪಾದ ಉಕ್ಕಿನ ಕೊಳಗ, ಒಳಗೆಲ್ಲ ಬೆಂಕಿ ತಡೆಯುವ ಇಟ್ಟಿಗೆಯ ಹೊದಿಕೆ. ಭಾರ ಹಂಚಿಹೋಗಲೆಂದು ಕೆಳಗೆ ಸಾಲುಸಾಲು ಗಾಲಿ. ಕಾರ್ಖಾನೆಯ ಸ್ವಂತ ಡೀಸೆಲ್ ಎಂಜಿನ್ ಇದನ್ನು ನಡಿಗೆಯ ವೇಗದಲ್ಲಿ ಒಯ್ಯುತ್ತದೆ, ಕುಲುಕಾಡುವಂತಿಲ್ಲ, ತಡವಾಗುವಂತೆಯೂ ಇಲ್ಲ, ತಣ್ಣಗಾದರೆ ಕಬ್ಬಿಣ ಒಳಗೇ ಗಟ್ಟಿಯಾಗಿಬಿಡುತ್ತದೆ. ಇಷ್ಟೆಲ್ಲ ಆದ ಮೇಲೆ ತಯಾರಾದ ಉಕ್ಕು ಸುರುಳಿಯಾಗಿ ಚಪ್ಪಟೆ ಡಬ್ಬಿಗಳ ಮೇಲೆ ಕುಳಿತು ಹೊರಗೆ ಬರುತ್ತದೆ. ಒಂದೊಂದು ಸುರುಳಿಯೂ 20 ಟನ್ನಿನ ಆಸುಪಾಸು, ಹಾಗಾಗಿ ಒಂದೊಂದು ಡಬ್ಬಿಯ ಮೇಲೆ ಕೆಲವೇ ಸುರುಳಿ ಕಾಣುತ್ತವೆ.

ಊರ ನಡುವೆಯೇ ಇದ್ದ ಕಾರ್ಖಾನೆ

ನಿಮ್ಮ ಕೊನೆಯ ಪ್ರಶ್ನೆಗೆ ಮರಳುವ ಮುನ್ನ, ಕಾರ್ಖಾನೆಯ ಜೊತೆಗೇ ಬದುಕಿದ ಒಂದು ಊರನ್ನು ನೋಡೋಣ. ಕರ್ನಾಟಕದಲ್ಲಿ ಊರೇ ಕಾರ್ಖಾನೆಯ ಸುತ್ತ ಬೆಳೆದದ್ದು ಭದ್ರಾವತಿಯಲ್ಲಿ. 1923ರಲ್ಲಿ ಅಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದನ್ನು ದಡ ಮುಟ್ಟಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಕಲ್ಲಿದ್ದಲ ಗಣಿಗಳು ದೂರ, ಆದರೆ ಮಲೆನಾಡಿನ ಕಾಡು ಪಕ್ಕದಲ್ಲೇ. ಅದಕ್ಕೆ ಇದ್ದಿಲಿನಿಂದಲೇ ಕುಲುಮೆ ಉರಿಸಿದರು. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇ ಮೇಲೆ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಸಣ್ಣ ಹಳಿಯ ಟ್ರಾಮ್ ಗಾಡಿಯಲ್ಲಿ ಭದ್ರಾವತಿಗೆ ಬರುತ್ತಿತ್ತು. ಮರವೂ ಕಾಡಿನಿಂದ ಅಂಥದೇ ಸಣ್ಣ ಹಳಿಯ ಮೇಲೆ ಬಂತು. ಒಂದು ಊರು ಅನ್ನ ಕಂಡಿತು, ಅದಕ್ಕೆ ಕಾಡು ಬೆಲೆ ತೆತ್ತಿತು. ಈಗ ಅದು ಸೈಲ್ ಸಂಸ್ಥೆಯ ವಿಐಎಸ್‌ಎಲ್. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಯ ಜೊತೆ ನೂರು ವರ್ಷ ಬದುಕಿದ ಊರು ಅದನ್ನು ತನ್ನದೆಂದು ತಿಳಿದಿದೆ, ಅದಕ್ಕೇ ಪ್ರಶ್ನೆ ಕೇಳುತ್ತದೆ.

ನಮ್ಮೂರಿಗೆ ಏನು?

ಹುಬ್ಬಳ್ಳಿ ಕೇಳುವುದನ್ನು ಇನ್ನೂ ಕಲಿತಿಲ್ಲ ಎಂಬುದು ನನ್ನ ಕೊರಗು. ಹಳಿಯಿಂದ ನಮಗೆ ಕೆಲಸ ಸಿಕ್ಕಿದೆ. 1880ರ ದಶಕದಿಂದ ಇರುವ ವರ್ಕ್‌ಶಾಪು, ಡೀಸೆಲ್ ಶೆಡ್ಡು, 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ಈ ಊರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದ. ಆದರೆ ತೆರೆದ ಡಬ್ಬಿಯ ಕಲ್ಲಿದ್ದಲಿನ ಮೇಲೆ ಗಾಳಿ ಬೀಸಿದಾಗ ಏಳುವ ಪುಡಿಯೂ ನಮ್ಮದೇ. ಗೋವಾದ ಜನ ಇದನ್ನು ದೊಡ್ಡ ದನಿಯಲ್ಲಿ ಕೇಳಿದರು. ವಾಸ್ಕೋದ ಮನೆಗಳ ಕಲ್ಲಿದ್ದಲ ಧೂಳು ಅಲ್ಲಿ ಚಳವಳಿಯಾಯಿತು. ಘಟ್ಟದ ಹಳಿಯನ್ನು ಜೋಡಿ ಮಾಡುವುದಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಪಶ್ಚಿಮ ಘಟ್ಟದ ಆ ಕಾಡಿಗೆ ಆಗುವ ಹಾನಿ ಅದರ ಕಾರಣ.

ಕಲ್ಲಿದ್ದಲು ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯ ಸರಳು, ಪಾತ್ರೆ, ಬಸ್ಸು ಎಲ್ಲದರಲ್ಲೂ ಉಕ್ಕಿದೆ. ಲಾರಿಗಿಂತ ರೈಲಿನಲ್ಲಿ ಅದು ಬರುವುದೇ ಎಲ್ಲರಿಗೂ ಒಳ್ಳೆಯದು. ಆದರೆ ಬಂದರಿನಲ್ಲಿ ತುಂಬಿದ ಮೇಲೆ ಮಟ್ಟ ಮಾಡಿ, ನೀರು ಹೊಡೆದು, ತಾಡಪಾಲು ಮುಚ್ಚಿ ಕಳಿಸಿ ಎಂದು ಕೇಳಬಹುದು. ಯಾರ್ಡಿನ ಪಕ್ಕದ ಓಣಿಗಳಲ್ಲಿ ಧೂಳಿನ ಪ್ರಮಾಣ ಅಳೆದು ಜನರ ಮುಂದಿಡಿ ಎಂದು ಪಾಲಿಕೆಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ಕೇಳಬಹುದು. ಕೇಳುವವರಿದ್ದರೆ ಇವೆಲ್ಲ ಆಗುವ ಕೆಲಸಗಳೇ.

ಮಗಳಿಗೂ ಅವಳ ಗೆಳತಿಯರಿಗೂ ಒಂದು ಮಾತು ಕಡ್ಡಾಯವಾಗಿ ಹೇಳಿ. ನಮ್ಮ ಹಳಿಗಳ ಮೇಲೆ ಈಗ 25,000 ವೋಲ್ಟಿನ ತಂತಿ ಹಾದಿದೆ. ನಿಂತ ಗೂಡ್ಸ್ ಡಬ್ಬಿ ಹತ್ತಿದರೆ ತಂತಿ ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೇ ಸಾಕು, ವಿದ್ಯುತ್ ಹಾರಿ ಹಿಡಿಯುತ್ತದೆ. ಸೆಲ್ಫಿಗೆಂದು ಹತ್ತಿ ಸತ್ತ ಹುಡುಗರ ಸುದ್ದಿ ದೇಶದ ಯಾವುದೋ ಮೂಲೆಯಿಂದ ಆಗಾಗ ಬರುತ್ತಲೇ ಇರುತ್ತದೆ. ಡಬ್ಬಿಗಳ ಕೆಳಗೆ ನುಸುಳಿ ಹಳಿ ದಾಟುವುದೂ ಅಷ್ಟೇ ಅಪಾಯ, ನಿಂತ ಗಾಡಿ ಯಾವ ಗಳಿಗೆಯಲ್ಲಿ ಹೊರಟೀತು ಎಂದು ಹೇಳಲಾಗದು. ಹತ್ತಿರದಿಂದ ಗಾಡಿ, ಡಬ್ಬಿ ನೋಡಬೇಕೆಂದರೆ ಗದಗ ರಸ್ತೆ ಕಡೆಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. ಹನ್ನೊಂದಂಕಿಯ ಲೆಕ್ಕವನ್ನು ಪ್ಲಾಟ್‌ಫಾರಂ ಮೇಲೆ ನಿಂತೇ ಹಾಕಲಿ. ಧೂಳಿನ ವಿಷಯದಲ್ಲಿ ಅರ್ಜಿ ಬರೆಯುವಾಗ ದಿನಾಂಕ, ಹೊತ್ತು, ಗಾಡಿ ಬಂದ ದಿಕ್ಕಿನ ಜೊತೆ ಒಂದು ಡಬ್ಬಿಯ ನಂಬರನ್ನೂ ಸೇರಿಸಿ. ಆ ಗಾಡಿ ಎಲ್ಲಿ ತುಂಬಿತು, ಯಾರಿಗೆ ಹೋಯಿತು ಎಂಬ ದಾಖಲೆ ರೈಲ್ವೆಯ ಬಳಿ ಇರುತ್ತದೆ, ಆಗ ನಿಮ್ಮ ಅರ್ಜಿಗೆ ಖಚಿತವಾದ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಕಷ್ಟ.